ಮಗಳಿಗೊಂದು ಪತ್ರ: ಅನುಮಾನ ಬಂದರೆ ಎಬ್ಬಿಸಿ

ಚಿತ್ರದುರ್ಗ
ಭಾನುವಾರ ರಾತ್ರಿ

ಚಿ. ಪುಟ್ಟಿಗೆ,

ಅಪ್ಪ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ, ನಿನ್ನ ಕ್ಷೇಮಕ್ಕೆ ಬರಿ ಅಂತ ಬರೆಯುವುದು ವಾಡಿಕೆ. ಆದರೆ ಈಗಷ್ಟೇ ಫೋನಿನಲ್ಲಿ ಮಾತಾಡಿ ಇಟ್ಟಿದ್ದೀವಿ. ಸಿಕ್ಕಿದ್ದು ಹತ್ತು ನಿಮಿಷ. ಅದರಲ್ಲಿ ಏಳು ನಿಮಿಷ ನಿಮ್ಮಮ್ಮನ ‘ಉಂಡೇನವ್ವಾ, ತಲೆಗೆ ಎಣ್ಣೆ ಹಚ್ಕೊಂತಿದೀಯಾ’ದಲ್ಲೇ ಹೋಯಿತು. ಉಳಿದಿದ್ದರಲ್ಲಿ ನೀನು ಒಂದೇ ಉಸಿರಿಗೆ ಕೇಳಿದೆ, ‘ಅಪ್ಪಾ, ಮುಂದಿನ ವಾರ ಇಲ್ಲಿ ನೇವಿ ಟ್ರೈನಿಂಗ್ ಕ್ಲಾಸಿನಲ್ಲಿ, 1971ರ ಯುದ್ಧದಾಗ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ನಂದಾ ಬಗ್ಗೆ ಮಾತಾಡಬೇಕು. ಹುಟ್ಟಿದ ವರ್ಷ, ಪದಕ ಎಲ್ಲ ಲೈಬ್ರರಿಯಲ್ಲಿ ಸಿಕ್ಕಿದೆ. ನೀನು ಹದಿನೈದು ವರ್ಷ ನೇವಿಯಲ್ಲಿದ್ದವನು, ಇಂಥ ದೊಡ್ಡ ಆಫೀಸರು ಹೆಂಗಿರ್ತಾರೆ ಹೇಳು’ ಅಂತ. ನಾನು ಗಂಟಲು ಸರಿಮಾಡಿಕೊಳ್ಳೋ ಹೊತ್ತಿಗೆ ಫೋನು ಕಟ್. ಅದಕ್ಕೇ ಈ ಕಾಗದ. ನಾಳೆ ಸೋಮವಾರ, ಹೋಟೆಲಿಗೆ ರಜೆ. ಹಾಗಾಗಿ ರಾತ್ರಿ ಎಷ್ಟು ಹೊತ್ತಾದರೂ ಚಿಂತೆಯಿಲ್ಲ.

ಮೊದಲೇ ಹೇಳಿಬಿಡ್ತೀನಿ. ನಾನು ನೌಕಾಪಡೆಯನ್ನು ನೋಡಿದ್ದು ಗ್ಯಾಲಿಯ ಬಾಗಿಲಿನಿಂದ. ಹಡಗಿನಲ್ಲಿ ಅಡುಗೆಮನೆಗೆ ಹಾಗಂತಾರೆ ಅನ್ನೋದನ್ನ ನಿನಗೆ ಈಗ ಹೇಳಿಕೊಡಬೇಕಿಲ್ಲ. ಅಡ್ಮಿರಲ್ ಅನ್ನಿಸಿಕೊಂಡವರನ್ನು ಹತ್ತಿರದಿಂದ ಕಂಡಿದ್ದು ಮೂರೇ ಸಲ, ಮೂರು ಸಲವೂ ನನ್ನ ಕೈಯಲ್ಲಿ ಸೌಟಿತ್ತು. ಒಮ್ಮೆ ಒಬ್ಬ ರಿಯರ್ ಅಡ್ಮಿರಲ್ ಹಡಗಿನ ತಪಾಸಣೆಗೆ ಬಂದರು. ಮೂರು ದಿನ ನಾವು ಪಾತ್ರೆ ಬೆಳಗಿದ್ದೇ ಬೆಳಗಿದ್ದು, ಒಲೆಯ ಹಿಂದಿನ ಗೋಡೆಯಲ್ಲಿ ಮುಖ ಕಾಣಬೇಕು ಹಾಗೆ. ಅವರು ಬಂದರು, ಹೊಳೆಯೋ ಪಾತ್ರೆಗಳನ್ನ ನೋಡಲೇ ಇಲ್ಲ. ನೆಟ್ಟಗೆ ಒಲೆಯ ಮೇಲಿನ ಹೊಗೆಗೂಡಿಗೆ ಕೈಹಾಕಿ ಬೆರಳು ನೋಡಿಕೊಂಡರು. ಬೆರಳಿಗೆ ಜಿಡ್ಡು. ಬೈಯಲಿಲ್ಲ. ಯಾರೂ ಇಲ್ಲದ ಕಡೆ ನೋಡುತ್ತಾ, ‘ಇದನ್ನ ಕೊನೇ ಸಲ ಬಿಚ್ಚಿ ತೊಳೆದದ್ದು ಯಾವಾಗ?’ ಅಂದರು. ನಮ್ಮ ಲೀಡಿಂಗ್ ಕುಕ್ಕಿನ ಬಾಯಿ ಒಣಗಿಹೋಯಿತು. ಈ ಹೊಗೆಗೂಡಿನ ಮಾತು ನೆನಪಿಟ್ಟಿರು, ಆಮೇಲೆ ಬರುತ್ತೆ.

ಆದರೆ ನಿನಗೆ ನಾನು ಹೇಳಬೇಕು ಅಂತಿರೋದು ಅಡ್ಮಿರಲ್ ಕಥೆಯಲ್ಲ, ಒಬ್ಬ ಕ್ಯಾಪ್ಟನ್‌ದು. ನನ್ನ ಎರಡನೇ ಹಡಗು, ನಾನಾಗ ಇಪ್ಪತ್ತೆರಡರ ಹುಡುಗ. ಮಿಡಲ್ ವಾಚ್‌ನವರಿಗೆ, ಅಂದರೆ ನಡುರಾತ್ರಿಯಿಂದ ಬೆಳಗಿನ ನಾಲ್ಕರವರೆಗೆ ಕಾವಲಿರೋರಿಗೆ, ಚಹಾ ಒಯ್ಯೋದು ನನ್ನ ಪಾಳಿ. ಕೆಟಲ್ ಹಿಡಿದು ಏಣಿ ಹತ್ತಿ, ಹಡಗು ನಡೆಸೋ ಜಾಗವಾದ ಬ್ರಿಜ್‌ಗೆ ಹೋದರೆ ಕಗ್ಗತ್ತಲು. ಕಣ್ಣು ಕತ್ತಲಿಗೆ ಒಗ್ಗಿರಬೇಕು ಅಂತ ಅಲ್ಲಿ ಬಿಳಿ ದೀಪ ಹಾಕೋಹಂಗಿಲ್ಲ, ಒಂದೆರಡು ಕೆಂಪು ದೀಪ ಅಷ್ಟೆ. ಆ ಕೆಂಪು ಬೆಳಕಲ್ಲಿ ಒಂದು ಪುಸ್ತಕ ಬಿಚ್ಚಿಟ್ಟಿರ್ತಿತ್ತು. ಕ್ಯಾಪ್ಟನ್ ಮಲಗೋ ಮುಂಚೆ ತಮ್ಮ ಕೈಯಾರೆ ಬರೆಯೋ ನೈಟ್ ಆರ್ಡರ್ ಬುಕ್. ಯಾವ ದಿಕ್ಕಿಗೆ, ಯಾವ ವೇಗದಲ್ಲಿ ಹೋಗ್ತಿರಬೇಕು, ಬೇರೆ ಹಡಗು ಎಷ್ಟು ಹತ್ತಿರ ಬಂದರೆ ತನ್ನನ್ನ ಕರೀಬೇಕು, ಗಾಳಿ ಎಷ್ಟಾದರೆ ಕರೀಬೇಕು. ವಾಚಿಗೆ ಬಂದ ಪ್ರತಿ ಅಧಿಕಾರಿಯೂ ಓದಿ ಕೆಳಗೆ ಸಹಿ ಹಾಕಬೇಕು. ಚಹಾ ಬಗ್ಗಿಸೋ ನೆಪದಲ್ಲಿ ನಾನೂ ಬಗ್ಗಿ ಓದ್ತಿದ್ದೆ. ಕೊನೇ ಸಾಲು ದಿನಾ ಒಂದೇ. ಅನುಮಾನ ಬಂದರೆ ಎಬ್ಬಿಸಿ.

ಒಂದು ರಾತ್ರಿ ವಾಚಿನಲ್ಲಿದ್ದವನು ಹೊಸ ಸಬ್ ಲೆಫ್ಟಿನೆಂಟ್, ಮೀಸೆ ಸರಿಯಾಗಿ ಬಂದಿರಲಿಲ್ಲ. ಕರಾವಳಿ ಹತ್ತಿರ, ಎದುರಿಗೆ ಮೀನು ದೋಣಿಗಳ ದೀಪ, ನಮ್ಮೂರ ಜಾತ್ರೆ ಬಯಲಿನ ಹಾಗೆ. ಅವನು ಕ್ಯಾಪ್ಟನ್ನರನ್ನ ಒಂದೇ ರಾತ್ರಿಯಲ್ಲಿ ಮೂರು ಸಲ ಎಬ್ಬಿಸಿದ. ಮೊದಲ ಸಲ ಬಂದರು, ದುರ್ಬೀನು ಹಿಡಿದು ನೋಡಿದರು, ಹೋದರು. ಎರಡನೇ ಸಲ ಬಂದರು, ನೋಡಿದರು, ಹೋದರು. ಮೂರನೇ ಸಲಕ್ಕೆ ನಾನು ಮೂಲೆಯಲ್ಲಿ ಕೆಟಲ್ ಹಿಡಿದು ನಿಂತಿದ್ದೆ, ಇವನ ಕಥೆ ಮುಗೀತು ಅಂದುಕೊಂಡೆ. ಕ್ಯಾಪ್ಟನ್ ಬಂದರು. ಬನಿಯನ್ ಮೇಲೆ ಜರ್ಕಿನ್ ಹಾಕಿಕೊಂಡಿದ್ದರು, ಕಾಲಲ್ಲಿ ಹವಾಯಿ ಚಪ್ಪಲಿ. ನೋಡಿದರು. ‘ಸರಿಯಾಗಿದೆ’ ಅಂದರು. ತಮ್ಮ ಕುರ್ಚಿ ಮೇಲೆ ಅಲ್ಲೇ ಕೂತು, ‘ನನಗೂ ಚಹಾ ಕೊಡು, ಇವನಿಗೂ ಕೊಡು’ ಅಂದು ಬೆಳಗಿನವರೆಗೆ ಅಲ್ಲೇ ತೂಕಡಿಸಿದರು. ಮಾರನೇ ದಿನ ಆ ಹುಡುಗನನ್ನ ನೋಡಿದೆ. ಒಂದೇ ರಾತ್ರಿಯಲ್ಲಿ ಎರಡಂಗುಲ ಉದ್ದ ಆದವನ ಹಾಗೆ ನಡೀತಿದ್ದ.

ಈಗ ನಿನ್ನ ನಂದಾ ಅವರಿಗೆ ಬರ್ತೀನಿ.

ಸರ್ದಾರಿಲಾಲ್ ಮಥ್ರಾದಾಸ್ ನಂದಾ, ಹುಟ್ಟಿದ್ದು 1915ರಲ್ಲಿ ಅನ್ನೋದು ನಿನ್ನ ನೋಟಿನಲ್ಲಿ ಇರುತ್ತೆ. ಬಾಲ್ಯ ಕಳೆದದ್ದು ಮನೋರಾದಲ್ಲಿ ಅನ್ನೋದರ ಕೆಳಗೆ ನೀನು ಗೆರೆ ಎಳೀಬೇಕು. ಮನೋರಾ ಇರೋದು ಕರಾಚಿ ಬಂದರಿನ ಬಾಯಲ್ಲೇ. ನಮ್ಮ ಕೋಟೆಗೆ ಮೊದಲ ಬಾಗಿಲು ಹೇಗೋ ಕರಾಚಿಗೆ ಮನೋರಾ ಹಾಗೆ. ಬಂದರಿನ ಒಳಗೆ ಹೋಗೋ ಹಡಗೆಲ್ಲ ಆ ಹುಡುಗನ ಕಣ್ಣ ಮುಂದೆಯೇ ಹೋಗಬೇಕಿತ್ತು. 1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಬ್ರಿಟಿಷರ ಕಾಲದ ನೌಕಾಪಡೆಯ ಮೀಸಲು ದಳಕ್ಕೆ ಸೇರಿದರು. ಆರು ವರ್ಷಕ್ಕೆ ದೇಶ ಎರಡಾಯಿತು, ಆಡಿ ಬೆಳೆದ ಬಂದರು ಗಡಿಯ ಆಚೆ ಉಳಿಯಿತು.

ಇನ್ನೊಂದು ಸಂಗತಿ ನಿನ್ನ ಜೊತೆಯ ಪಂಜಾಬಿನವರು, ಕೇರಳದವರು ಹೇಳಲಿಕ್ಕಿಲ್ಲ, ನೀನು ಹೇಳು. ‘ನೈಜೀರಿಯಾ’ ಅಂತ ಒಂದು ಬ್ರಿಟಿಷ್ ಕ್ರೂಸರ್ ಇತ್ತು. 1954ರಲ್ಲಿ ಅದನ್ನ ನಾವು ಕೊಂಡೆವು, 1957ರಲ್ಲಿ ಅದು ‘ಐಎನ್‌ಎಸ್ ಮೈಸೂರು’ ಆಯಿತು. ಆರು ಇಂಚಿನ ಒಂಬತ್ತು ತೋಪಿನ ಹಡಗು. ಅದರ ಮೊದಲ ಕ್ಯಾಪ್ಟನ್ ಇದೇ ನಂದಾ. ನಮ್ಮ ದುರ್ಗ ಆಗ ಮೈಸೂರು ರಾಜ್ಯದಲ್ಲೇ ಇತ್ತಲ್ಲ, ಆ ಲೆಕ್ಕದಲ್ಲಿ ನಮ್ಮ ಹೆಸರನ್ನೂ ಹೊತ್ತ ಹಡಗೇ ಅದು. ಲಾಂಛನ ಗಂಡಭೇರುಂಡ. 1985ರಲ್ಲಿ ಅದು ನಿವೃತ್ತಿಯಾಯಿತು, ನಾನು ಅದನ್ನ ಕಂಡಿಲ್ಲ. 1999ರಲ್ಲಿ ಅದೇ ಹೆಸರಿನ ಹೊಸ ಯುದ್ಧನೌಕೆ ಬಂತು. ಮುಂಬೈ ಡಾಕ್‌ಯಾರ್ಡಿನಲ್ಲಿ ಒಮ್ಮೆ ಈರುಳ್ಳಿ ಮೂಟೆ ಹೊತ್ತು ಹೋಗ್ತಿದ್ದಾಗ ಆ ಹಡಗಿನ ಮೇಲೆ ಅದೇ ಎರಡು ತಲೆ ಹಕ್ಕಿ ಕಂಡಿತು. ನಮ್ಮ ಸರ್ಕಾರಿ ಬಸ್ಸಿನ ಮೇಲಿರೋ ಹಕ್ಕಿ! ಹೊಳಲ್ಕೆರೆ ಬಸ್ಸು ಸಮುದ್ರದಲ್ಲಿ ನಿಂತಿದೆ ಅನ್ನಿಸಿಬಿಟ್ಟಿತು. ಮೂಟೆ ಕೆಳಗಿಟ್ಟು ಎರಡು ನಿಮಿಷ ನೋಡಿದೆ. ಹಿಂದಿನವನು ಬೈದ ಮೇಲೆ ಎತ್ತಿಕೊಂಡೆ.

1965ರ ಯುದ್ಧದಲ್ಲಿ ಪಾಕಿಸ್ತಾನದ ಹಡಗುಗಳು ಬಂದು ದ್ವಾರಕೆಯ ಮೇಲೆ ಶೆಲ್ ಹಾರಿಸಿ ಹೋದವು. ನಮ್ಮ ನೌಕಾಪಡೆಗೆ ಮುಂದೆ ನುಗ್ಗೋ ಅಪ್ಪಣೆ ಇರಲಿಲ್ಲ. ಈ ಅವಮಾನವನ್ನ ಹಳೇ ನಾವಿಕರು ನನ್ನ ಕಾಲದಲ್ಲೂ ಹಲ್ಲು ಕಡಿದು ಹೇಳ್ತಿದ್ದರು. 1970ರಲ್ಲಿ ನಂದಾ ನೌಕಾಪಡೆಯ ಮುಖ್ಯಸ್ಥರಾದರು. ಮರುವರ್ಷ ಮತ್ತೆ ಯುದ್ಧದ ಮೋಡ ಕವಿದಾಗ ಅವರು ಏನು ಮಾಡಿದರು ನೋಡು. ಯುದ್ಧ ಶುರುವಾದ ಮೇಲೆ ಅಪ್ಪಣೆಗೆ ಕಾದು ಕೂರಲಿಲ್ಲ, ಶುರುವಾಗೋ ಮುಂಚೆಯೇ ಹೋಗಿ ಪ್ರಧಾನಿ ಇಂದಿರಾ ಗಾಂಧಿಯವರನ್ನ ಕೇಳಿದರು, ನೌಕಾಪಡೆ ಕರಾಚಿ ಮೇಲೆ ಹೋದರೆ ಸರ್ಕಾರಕ್ಕೆ ರಾಜಕೀಯವಾಗಿ ಏನಾದರೂ ತೊಂದರೆಯಿದೆಯಾ ಅಂತ. ಯುದ್ಧ ಅಂದಮೇಲೆ ಯುದ್ಧವೇ ಅಲ್ಲವೇ ಅನ್ನೋ ಅರ್ಥದ ಉತ್ತರ ಬಂತು. ಅಷ್ಟು ಸಾಕಾಯಿತು. ನಾನು ಇದನ್ನ ಓದಿದಾಗ ನನಗೆ ಕಂಡಿದ್ದು ಆ ಕೆಂಪು ದೀಪದ ಪುಸ್ತಕವೇ. ಚೀಫ್ ಆದರೂ ಅವರಿಗಿಂತ ಮೇಲೊಬ್ಬರಿರ್ತಾರೆ. ಹೊತ್ತಿಗೆ ಮುಂಚೆ ಹೋಗಿ ಅವರ ಬಾಗಿಲು ತಟ್ಟಿದರು.

ಮುಂದಿನದು ಕಾರವಾರದಲ್ಲಿ ನೀನೇ ಕೈಯಿಂದ ಮುಟ್ಟಿ ನೋಡಿದ್ದು. ಎರಡನೇ ಕ್ಲಾಸಿನಲ್ಲಿದ್ದಾಗ ಕಡಲತೀರದಲ್ಲಿ ‘ಐಎನ್‌ಎಸ್ ಚಪಲ್’ ಅನ್ನೋ ಯುದ್ಧನೌಕೆ ಮ್ಯೂಸಿಯಂ ತೋರಿಸಿದ್ದೆ, ನೆನಪಿದೆಯಾ? ‘ಇಷ್ಟೇನಾ ಅಪ್ಪಾ ಹಡಗು, ಇದರಲ್ಲಿ ನೀನು ಎಲ್ಲಿ ಮಲಗ್ತಿದ್ದೆ’ ಅಂತ ಕೇಳಿದ್ದೆ. ಅದು ರಷ್ಯಾದ ಕ್ಷಿಪಣಿ ದೋಣಿ, ನಮ್ಮ ಪಡೆಗೆ ಸೇರಿದ್ದು 1976ರಲ್ಲಿ. 1971ರಲ್ಲಿ ನಂದಾ ಕೈಯಲ್ಲಿದ್ದ ಎಂಟು ದೋಣಿಗಳು ಇದಕ್ಕೆ ಅಕ್ಕಂದಿರು. ಉದ್ದ ನಲವತ್ತು ಮೀಟರೂ ಇಲ್ಲ, ಬೆನ್ನ ಮೇಲೆ ನಾಲ್ಕು ಕ್ಷಿಪಣಿ. ಬಂದರು ಕಾಯೋಕೆ ಮಾಡಿದ ದೋಣಿಗಳು, ಹೊಟ್ಟೆಯಲ್ಲಿ ದೂರ ಹೋಗೋವಷ್ಟು ಎಣ್ಣೆ ಹಿಡಿಯೋದಿಲ್ಲ. ರಷ್ಯಾದಿಂದ ಬಂದಾಗ ಅವನ್ನ ಇಳಿಸಿದ್ದು ಕಲ್ಕತ್ತಾದಲ್ಲಿ, ಅಷ್ಟು ಭಾರ ಎತ್ತೋ ಕ್ರೇನು ಮುಂಬೈಯಲ್ಲಿ ಇರಲಿಲ್ಲ. ಅಲ್ಲಿಂದ ಹಗ್ಗ ಕಟ್ಟಿ ಮುಂಬೈಗೆ ಎಳೆದು ತಂದರು. ಎಳೆದು ತರೋಕೆ ಆಗೋದಾದರೆ ಎಳಕೊಂಡು ಕರಾಚಿವರೆಗೂ ಹೋಗಬಹುದಲ್ಲ! ಇಂಥ ಉಪಾಯ ಮೇಜಿನ ಹಿಂದೆ ಕೂತವರಿಗೆ ಹೊಳೆಯೋದಿಲ್ಲ ಪುಟ್ಟೀ. ಹಗ್ಗ ಹಿಡಿದವನಿಗೆ ಹೊಳೆಯುತ್ತೆ. ಅವನು ಬಾಯಿಬಿಡಬೇಕು, ಮೇಲಿದ್ದವರು ಕಿವಿ ಕೊಡಬೇಕು.

1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಅನ್ನೋ ಮೂರು ದೋಣಿ ಕರಾಚಿ ಕಡೆ ಹೋದವು, ಜೊತೆಗೆ ಕಿಲ್ತಾನ್, ಕಚಾಲ್ ಅನ್ನೋ ಎರಡು ದೊಡ್ಡ ಹಡಗು. ದಳದ ಮುಖ್ಯಸ್ಥರು ಕಮಾಂಡರ್ ಬಬ್ರು ಭಾನ್ ಯಾದವ್. ಪಾಕಿಸ್ತಾನದ ಖೈಬರ್ ಮುಳುಗಿತು, ಮುಹಾಫಿಜ್ ಮುಳುಗಿತು. ನಮ್ಮವು ಎಲ್ಲ ವಾಪಸ್ ಬಂದವು. ನಾಲ್ಕು ದಿನ ಬಿಟ್ಟು ಮತ್ತೊಂದು ಸಲ ಹೋಗಿ ಕರಾಚಿ ಬಂದರಿನ ಕೆಮಾರಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಇಟ್ಟರು. ಡಿಸೆಂಬರ್ 4 ನೌಕಾಪಡೆ ದಿನ ಆಗಿದ್ದು ಹೀಗೆ. ನಮಗೆ ಗ್ಯಾಲಿಯವರಿಗೆ ಅದು ಬಡಾ ಖಾನಾ, ಅಂದರೆ ಎಲ್ಲರೂ ಒಟ್ಟಿಗೆ ಉಣ್ಣೋ ದೊಡ್ಡೂಟದ ದಿನ, ಮುನ್ನೂರು ಜನಕ್ಕೆ ಗುಲಾಬ್ ಜಾಮೂನು ಕರೆದು ಸೊಂಟ ಬಿದ್ದುಹೋಗ್ತಿತ್ತು. ಉಳಿದ ವಿವರ ನಿಮ್ಮ ಲೈಬ್ರರಿಯಲ್ಲಿ ನನಗಿಂತ ಚೆನ್ನಾಗಿದೆ.

ನನಗೆ ಕಾಡೋದು ಬೇರೆ. ಆಟ ಆಡಿದ ಬಂದರಿಗೆ ಬೆಂಕಿ ಇಡೋ ಯೋಜನೆಗೆ ಸಹಿ ಹಾಕುವಾಗ ಆ ಮನುಷ್ಯನಿಗೆ ಏನನ್ನಿಸಿತೋ. ಯಾವ ಕಡೆ ಆಳ, ಯಾವ ಕಡೆ ಮರಳು, ಎಲ್ಲ ಗೊತ್ತಿದ್ದವರು. ನಮ್ಮ ಕೋಟೆಯ ಕಳ್ಳದಾರಿಯೆಲ್ಲ ಬಲ್ಲ ನನ್ನನ್ನೇ ಕೋಟೆ ಒಡೆಯೋಕೆ ಕಳಿಸಿದ ಹಾಗೆ. ನೀನು ಇದನ್ನ ಭಾಷಣದಲ್ಲಿ ಹೇಳಬೇಡ, ಊಹೆಗೆ ಮಾರ್ಕ್ಸ್ ಇರೋದಿಲ್ಲ.

ಇನ್ನು ಖುಕ್ರಿ. ಗೆದ್ದ ರಾತ್ರಿಗಳ ಬೆನ್ನಿಗೇ, ಡಿಸೆಂಬರ್ 9ರಂದು, ದಿಯು ಹತ್ತಿರ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ‘ಐಎನ್‌ಎಸ್ ಖುಕ್ರಿ’ಯನ್ನ ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ತಮ್ಮ ಲೈಫ್ ಜಾಕೆಟ್ ಬೇರೆಯವರಿಗೆ ಕೊಟ್ಟು ಹಡಗಿನ ಜೊತೆಯೇ ಹೋದರು. 18 ಅಧಿಕಾರಿಗಳು, 176 ನಾವಿಕರು. ಮುಲ್ಲಾ ಅವರಿಗೆ ಮಹಾವೀರ ಚಕ್ರ ಬಂತು, ಅವರ ಹೆಸರು ಎಲ್ಲರಿಗೂ ಗೊತ್ತು. ಆ 176ರಲ್ಲಿ ಅಡುಗೆಯವರೂ ಇರ್ತಾರೆ. ಅವರು ಆ ರಾತ್ರಿ ಏನು ಅಡುಗೆ ಮಾಡಿದ್ದರೋ, ಪಾತ್ರೆ ತೊಳೆದು ಮುಗಿದಿತ್ತೋ ಇಲ್ಲವೋ ಅಂತ ನಾನು ಚಿಕ್ಕವನಾಗಿದ್ದಾಗ ಹಡಗಿನಲ್ಲಿ ಮಲಗಿ ಯೋಚನೆ ಮಾಡ್ತಿದ್ದೆ.

ಈಗ ಹೊಗೆಗೂಡಿನ ಮಾತು. ನನ್ನ ಎಡಗೈ ಮೇಲಿನ ಕಲೆ ನೀನು ಹುಟ್ಟಿದಾಗಿನಿಂದ ನೋಡಿದ್ದೀಯ. ಬಿಸಿ ಎಣ್ಣೆ ಸಿಡಿದಿದ್ದು ಅಂತ ನಿನಗೂ ನಿಮ್ಮಮ್ಮನಿಗೂ ಹೇಳಿದ್ದೆ. ಅದು ಅರ್ಧ ನಿಜ.

ಆ ಹಡಗಿನ ಹೆಸರು ಬೇಡ. ಅಲ್ಲಿ ಒಂದು ರಾತ್ರಿ ಗ್ಯಾಲಿಯ ಪೈಪು ಸೋರ್ತಿತ್ತು. ನಾನು ಹೋಗಿ ಡ್ಯೂಟಿ ಆಫೀಸರನ್ನ ಎಬ್ಬಿಸಿದೆ. ‘ಹನಿ ನೀರಿಗೆಲ್ಲ ನನ್ನನ್ನ ಎಬ್ಬಿಸ್ತೀಯಾ, ಬೆಳಗ್ಗೆ ಹೇಳೋಕೆ ಬಾಯಿರಲಿಲ್ವಾ’ ಅಂತ ಎಲ್ಲರ ಮುಂದೆ ಬೈದು ಒಂದು ವಾರ ಹೆಚ್ಚಿನ ಡ್ಯೂಟಿ ಹಾಕಿದರು. ಅದಾಗಿ ಒಂದು ತಿಂಗಳಿಗೆ ಒಲೆ ಮೇಲಿನ ಹೊಗೆಗೂಡಿನಿಂದ ಜಿಡ್ಡು ಸುಡೋ ವಾಸನೆ ಬರೋಕೆ ಶುರುವಾಯಿತು. ಒಂದು ರಾತ್ರಿ ಬಂತು, ಸುಮ್ಮನಿದ್ದೆ. ಎರಡನೇ ರಾತ್ರಿ ಅವರ ಕ್ಯಾಬಿನ್ ಬಾಗಿಲವರೆಗೂ ಹೋದೆ. ಕೈ ಎತ್ತಿದೆ, ಬಡೀಲಿಲ್ಲ. ವಾಪಸ್ ಬಂದು ಮಲಗಿದೆ. ಮೂರನೇ ದಿನ ಬೆಳಗಿನ ಜಾವ ಪೂರಿಗೆ ಎಣ್ಣೆ ಕಾಯಿಸ್ತಿದ್ದಾಗ ಬೆಂಕಿ ಗೂಡಿನೊಳಗೆ ಏರಿಬಿಟ್ಟಿತು. ಒಡಿಶಾದ ಒಬ್ಬ ಹುಡುಗ ನನ್ನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆಯದಿದ್ದರೆ ಕಲೆ ಕೈಗೆ ಮಾತ್ರ ಇರ್ತಿರಲಿಲ್ಲ. ಕಾಲು ಗಂಟೆಯಲ್ಲಿ ಬೆಂಕಿ ಆರಿಸಿದರು, ಬೇರೆ ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ವಿಚಾರಣೆಯಲ್ಲಿ ಕೇಳಿದರು, ಮುಂಚೆ ವಾಸನೆ ಏನಾದರೂ ಬಂದಿತ್ತಾ ಅಂತ. ಇಲ್ಲ ಸರ್ ಅಂದೆ.

ಇಷ್ಟು ವರ್ಷ ಇದನ್ನ ಯಾರಿಗೂ ಹೇಳಿಲ್ಲ. ಬೈದ ಆಫೀಸರ ತಪ್ಪು ಎಷ್ಟು, ಬಡಿಯದೆ ಬಂದ ನನ್ನ ತಪ್ಪು ಎಷ್ಟು ಅಂತ ತೂಗಿ ತೂಗಿ ಸಾಕಾಗಿದೆ. ಅವರು ಕೆಟ್ಟವರೇನಲ್ಲ, ಕೆಲಸ ಬಲ್ಲವರು, ದಣಿದಿದ್ದರು. ಆದರೆ ಅವರು ಬೈದಿದ್ದು ನನ್ನೊಬ್ಬನಿಗೆ ಕೇಳಿಸಿದ್ದಲ್ಲ. ನಾವಿಕರು ಉಂಡು ಮಲಗೋ ಇಡೀ ಮೆಸ್ ಡೆಕ್ಕಿಗೆ ಕೇಳಿಸಿತ್ತು. ಆಮೇಲೆ ಆ ಹಡಗಿನಲ್ಲಿ ರಾತ್ರಿ ಹೊತ್ತು ಅವರ ಬಾಗಿಲು ಯಾರೂ ಬಡೀಲಿಲ್ಲ.

ಇದನ್ನ ಬರೆಯುವಾಗ ಕಿಟಕಿಯಾಚೆ ಕೋಟೆ ಕಾಣ್ತಿದೆ, ದೀಪ ಹಾಕಿದ್ದಾರೆ. ನಮ್ಮ ಓಬವ್ವನ ಕಥೆ ನಿನಗೆ ಬಾಯಿಪಾಠ. ಗಂಡ ಊಟಕ್ಕೆ ಕೂತಿದ್ದ, ನೀರು ತರೋಕೆ ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳೋದು ಕಂಡಳು, ಉಂಡೇಳಲಿ ಅಂತ ಗಂಡನನ್ನ ಕರೀದೆ ಒನಕೆ ಹಿಡಿದು ನಿಂತಳು. ಓಬವ್ವನಿಗೆ ಕೈ ಮುಗೀತೀನಿ, ಈ ಊರಿನಲ್ಲಿ ಹುಟ್ಟಿ ಬೇರೆ ಮಾತು ಆಡೋಕಾಗಲ್ಲ. ಆದರೆ ನಾವಿಕನ ಕಣ್ಣಲ್ಲಿ ನೋಡಿದರೆ ಒಂದು ಲೋಪ ಇದೆ ನೋಡು. ಅವಳ ಗಂಡ ಯಾರು? ಕಹಳೆ ಮುದ್ದ ಹನುಮ. ಇಡೀ ಕೋಟೆಯನ್ನ ಎಬ್ಬಿಸೋ ಕಹಳೆ ಅವನ ಕೈಯಲ್ಲೇ ಇತ್ತು! ಇಂಥವನ ಊಟ ಕೆಡಿಸಿದರೆ ಯಾವ ಪಾಪವೂ ಬರ್ತಿರಲಿಲ್ಲ. ಇದನ್ನ ನಮ್ಮ ಹೋಟೆಲಿನಲ್ಲಿ ಒಮ್ಮೆ ಜೋರಾಗಿ ಹೇಳಿ ಮಿರ್ಚಿ ಮಂಡಕ್ಕಿ ತಿನ್ನೋಕೆ ಬಂದವರ ಹತ್ತಿರ ಸರಿಯಾಗಿ ಉಗಿಸಿಕೊಂಡಿದ್ದೀನಿ. ನೀನು ಅಲ್ಲಿ ಹೇಳಬಹುದು, ಅಲ್ಲಿ ದುರ್ಗದವರು ಯಾರೂ ಇಲ್ಲ.

ಅಡ್ಮಿರಲ್ ಆಗೋಕೆ ಎಷ್ಟು ವರ್ಷ ಅಂತಲೂ ಹೋದ ತಿಂಗಳು ಕೇಳಿದ್ದೆ. ಕಮಾಂಡರ್‌ವರೆಗೆ ವರ್ಷಗಳು ಕರಕೊಂಡು ಹೋಗುತ್ತವೆ. ಕ್ಯಾಪ್ಟನ್‌ನಿಂದ ಮೇಲಕ್ಕೆ ಆರಿಸಿ ತೆಗೀತಾರೆ. ಕಮೊಡೋರ್, ರಿಯರ್ ಅಡ್ಮಿರಲ್, ವೈಸ್ ಅಡ್ಮಿರಲ್, ಒಂದೊಂದು ಮೆಟ್ಟಿಲಿಗೂ ಜನ ಕಡಿಮೆಯಾಗ್ತಾ ಹೋಗ್ತಾರೆ, ತುದಿಯಲ್ಲಿ ಒಬ್ಬರೇ. ನಂದಾ ಅವರಿಗೆ 1941ರಿಂದ 1970ರವರೆಗೆ 29 ವರ್ಷ ಹಿಡಿಯಿತು. ಅದನ್ನ ಈಗ ಲೆಕ್ಕ ಹಾಕಬೇಡ. ನಾನಿದ್ದ ಹಡಗುಗಳಲ್ಲಿ ಒಬ್ಬ ಹೆಣ್ಣುಮಗಳನ್ನೂ ಕಂಡಿರಲಿಲ್ಲ. ಈಗ ದಿಲ್ನಾ, ರೂಪಾ ಅನ್ನೋ ಇಬ್ಬರು ಲೆಫ್ಟಿನೆಂಟ್ ಕಮಾಂಡರುಗಳು ‘ತಾರಿಣಿ’ ಅನ್ನೋ ಹಾಯಿದೋಣಿಯಲ್ಲಿ ಇಬ್ಬರೇ ಪ್ರಪಂಚ ಸುತ್ತಿ 2025ರ ಮೇನಲ್ಲಿ ಗೋವಾಕ್ಕೆ ವಾಪಸ್ ಬಂದರು, ಎಂಟು ತಿಂಗಳು. ಟಿವಿಯಲ್ಲಿ ತೋರಿಸಿದಾಗ ನಿಮ್ಮಮ್ಮ ಕೇಳಿದ್ದು ಒಂದೇ ಮಾತು, ‘ಇಬ್ಬರಲ್ಲಿ ಒಬ್ಬಳು ಮಲಗಿದಾಗ ಇನ್ನೊಬ್ಬಳು ಒಬ್ಬಳೇ ಎದ್ದಿರಬೇಕಲ್ವಾ?’ ಹದಿನೈದು ವರ್ಷ ನೌಕರಿ ಮಾಡಿದ ನನಗೆ ಹೊಳೆಯದ ಪ್ರಶ್ನೆ.

ಈಜು ಪರೀಕ್ಷೆ ಹೇಗಾಯಿತು ಅಂತ ಹೇಳಲೇ ಇಲ್ಲ. ಬೆನ್ನಿಗೆ ಖಾಲಿ ಡಬ್ಬ ಕಟ್ಟಿ ಮಾವನ ತೋಟದ ಬಾವಿಗೆ ನಿನ್ನನ್ನ ದೂಡಿದ್ದು ನಾನೇ, ಅಳ್ತಾ ಮೇಲೆ ಬಂದು ಮೂರು ದಿನ ಮಾತು ಬಿಟ್ಟಿದ್ದೆ. ಬಾವಿಯಲ್ಲಿ ಕಲಿತವರಿಗೆ ಉದ್ದಕ್ಕೆ ಈಜೋದು ಕಷ್ಟ, ಗೋಡೆ ಬೇಗ ಸಿಕ್ಕಿಬಿಡುತ್ತೆ. ಉಸಿರು ಹಿಡಿದು ನಿಧಾನಕ್ಕೆ ಕೈ ಹಾಕು, ಆಗುತ್ತೆ.

ಮಂಗಳವಾರ ಪಾರ್ಸಲ್ ಕಳಿಸ್ತೀನಿ. ಶೇಂಗಾ ಚಟ್ನಿಪುಡಿ ಎರಡು ಡಬ್ಬಿ, ಒಂದು ನಿನಗೆ, ಇನ್ನೊಂದು ನಿಮ್ಮ ಮೆಸ್ಸಿನ ಅಡುಗೆಯವರಿಗೆ. ಅವರ ಕೈಗೇ ಕೊಡು, ಹೆಸರು ಕೇಳಿ ಕೊಡು. ಭಾಷಣ ಆದ ದಿನ ಫೋನು ಸಿಕ್ಕರೆ ಮಾಡು. ನಿಮ್ಮಮ್ಮ ಹತ್ತಕ್ಕೆಲ್ಲ ಮಲಗಿಬಿಡ್ತಾಳೆ, ನಾನೂ ಇಡ್ಲಿಗೆ ನಾಲ್ಕಕ್ಕೆ ಏಳಬೇಕು ಅಂತ ಬೇಗ ಮಲಗ್ತೀನಿ. ಮಲಗಿರ್ತಾರೆ ಅಂತ ಸುಮ್ಮನಾಗಬೇಡ. ಮೊದಲ ರಿಂಗಿಗೆ ಎತ್ತದಿದ್ದರೆ ಮತ್ತೊಂದು ಸಲ ಮಾಡು, ಮೊಬೈಲು ಅಕ್ಕಿ ಡಬ್ಬದ ಮೇಲೆ ಚಾರ್ಜಿಗೆ ಹಾಕಿರುತ್ತೆ, ಎದ್ದು ಬರೋಕೆ ಸ್ವಲ್ಪ ಹೊತ್ತಾಗುತ್ತೆ.

ಇಂತಿ ನಿನ್ನ,
ಅಪ್ಪ